ತಪ್ಪಾದದ್ದು ಅಂದು, ನೋಟಿಸು ಬಂದದ್ದು ಇಂದು: ವೃತ್ತಿ ಹೊಣೆಗಾರಿಕೆ ವಿಮೆಯ ಹಿನ್ನೆಲೆ

ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯಲ್ಲಿ ಅಂಗಡಿ ಇಟ್ಟವರು ಬೆಂಕಿಗೆ ವಿಮೆ ಮಾಡಿಸುತ್ತಾರೆ, ಕಳ್ಳತನಕ್ಕೆ ಮಾಡಿಸುತ್ತಾರೆ. ಸರಕು ಸಾಗಿಸುವ ಟೆಂಪೋಗಂತೂ ವಿಮೆ ಇಲ್ಲದಿದ್ದರೆ ಕಾನೂನೇ ಬಿಡುವುದಿಲ್ಲ. ಅಂಥ ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುವ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಇರುವುದು ಒಂದೆರಡು ಕಂಪ್ಯೂಟರ್, ಒಂದು ಪ್ರಿಂಟರ್, ಕಡತ ತುಂಬಿದ ಕಪಾಟು. ಸುಟ್ಟುಹೋಗಲು ಇನ್ನೇನಿದೆ ಎಂದು ಅವರು ವಿಮೆಯ ಗೊಡವೆಗೇ ಹೋಗುವುದಿಲ್ಲ.

ಅವರಿಗೆ ನಷ್ಟ ಬರುವ ದಾರಿ ಬೇರೆ. ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವರ್ತಕರ ಲೆಕ್ಕ ಅವರ ಕೈಯಲ್ಲಿದೆ ಎಂದುಕೊಳ್ಳಿ. ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಜಮೆ ಮಾಡಿಕೊಳ್ಳಲು ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ಸಾಮಾನ್ಯವಾಗಿ ಕೊನೆಯ ದಿನ. ಕೆಲವು ಬಿಲ್ಲುಗಳು ಕಣ್ತಪ್ಪಿ ಆ ದಿನ ದಾಟಿದರೆ ವರ್ತಕರ ಹಣ ಹೋದಂತೆಯೇ. ಕಟ್ಟಿಕೊಡಿ ಎಂದು ಅವರು ಕೇಳುವುದು ಸಲಹೆಗಾರರನ್ನೇ. ಏಜೆಂಟರ ಬಾಯಲ್ಲಿ ‘ಪ್ರೊಫೆಷನಲ್ ಇಂಡೆಮ್ನಿಟಿ’ ಎನಿಸಿಕೊಂಡಿರುವ ವಿಮೆ ಇರುವುದು ಇಂಥ ಹೊತ್ತಿಗೆ. ವೃತ್ತಿಯಲ್ಲಿ ಆದ ಅಲಕ್ಷ್ಯದಿಂದ ಮತ್ತೊಬ್ಬರಿಗೆ ಕೊಡಬೇಕಾಗಿ ಬಂದ ಪರಿಹಾರವನ್ನೂ ವಕೀಲರ ಖರ್ಚನ್ನೂ ಅದು ಮಿತಿಯೊಳಗೆ ಭರಿಸುತ್ತದೆ.

ಕೊಟ್ಟ ಸಲಹೆ ಹುಸಿಯಾದರೆ ಸಲಹೆಗಾರ ಹೊಣೆಯೇ ಎಂಬ ಪ್ರಶ್ನೆಗೆ ನ್ಯಾಯಾಲಯಗಳು ಬಹುಕಾಲ ಅಂಜುತ್ತಲೇ ಉತ್ತರ ಹೇಳಿದವು. ತಿರುವು ಬಂದದ್ದು 1963ರಲ್ಲಿ, ಬ್ರಿಟನ್ನಿನ ಆಗಿನ ಅತ್ಯುನ್ನತ ನ್ಯಾಯಪೀಠವಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ. ಹೆಡ್ಲಿ ಬರ್ನ್ ಎಂಬ ಜಾಹೀರಾತು ಸಂಸ್ಥೆ ತನ್ನ ಗಿರಾಕಿಯ ಸಾಲದ ಯೋಗ್ಯತೆ ಹೇಗಿದೆ ಎಂದು ತನ್ನ ಬ್ಯಾಂಕಿನ ಮೂಲಕ ಆ ಗಿರಾಕಿಯ ಬ್ಯಾಂಕನ್ನು ವಿಚಾರಿಸಿತ್ತು. ಚೆನ್ನಾಗಿದೆ ಎಂಬ ಉತ್ತರ ನಂಬಿ ಕೆಲಸ ಮುಂದುವರಿಸಿತು. ಗಿರಾಕಿ ದಿವಾಳಿಯಾಗಿ ಸುಮಾರು 17 ಸಾವಿರ ಪೌಂಡ್ ಮುಳುಗಿತು. ವಿಶೇಷ ಪರಿಣತಿ ಇದ್ದವರ ಮಾತನ್ನು ನಂಬಿ ಒಬ್ಬರು ನಷ್ಟಪಟ್ಟರೆ, ಒಪ್ಪಂದ ಇಲ್ಲದಿದ್ದರೂ ಹೊಣೆ ಹುಟ್ಟಬಹುದು ಎಂದಿತು ನ್ಯಾಯಪೀಠ. ಹಾಗೆಂದರೂ ಉತ್ತರ ಕೊಟ್ಟ ಬ್ಯಾಂಕು ಪಾರಾಯಿತು, ಏಕೆಂದರೆ ‘ಇದಕ್ಕೆ ನಾವು ಹೊಣೆಯಲ್ಲ’ ಎಂದು ಅದು ಪತ್ರದಲ್ಲೇ ಬರೆದಿತ್ತು. ನಮ್ಮಲ್ಲಿ ಎಷ್ಟು ಸಲಹೆಗಾರರು ಕೆಲಸದ ವ್ಯಾಪ್ತಿಯನ್ನಾದರೂ ಬರೆದು ಕೊಡುತ್ತಾರೆ? ಫೋನಿನಲ್ಲಿ ‘ನೋಡಿಕೊಳ್ಳುತ್ತೇನೆ ಬಿಡಿ’ ಎಂದರೆ ಕರಾರು ಮುಗಿಯಿತು.

ಭಾರತದಲ್ಲಿ ಬಾಗಿಲು ತೆರೆದದ್ದು 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಹಣ ಕೊಟ್ಟು ಪಡೆದ ಸೇವೆಯಲ್ಲಿ ಕೊರತೆಯಾದರೆ ಸಿವಿಲ್ ನ್ಯಾಯಾಲಯದ ದೊಡ್ಡ ಶುಲ್ಕ ಕಟ್ಟದೆ ಜಿಲ್ಲಾ ವೇದಿಕೆಗೆ ಹೋಗಬಹುದು ಎಂದಾಯಿತು. ವೈದ್ಯರು ತಮಗಿದು ಅನ್ವಯಿಸುವುದಿಲ್ಲ ಎಂದು ವಾದಿಸಿದರು. 1995ರ ನವೆಂಬರ್ 13ರಂದು ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಮತ್ತು ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ವೈದ್ಯರ ನಡುವೆ ಈ ವಿಮೆ ಪರಿಚಿತವಾಗಲು ಆ ತೀರ್ಪಿಗಿಂತ ದೊಡ್ಡ ಕಾರಣ ಬೇಕಿಲ್ಲ. 2013ರಲ್ಲಿ ಕೋಲ್ಕತ್ತದ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ಸುಮಾರು 6 ಕೋಟಿ ರೂಪಾಯಿ ಪರಿಹಾರವನ್ನು ಬಡ್ಡಿಸಹಿತ ಕೊಡಿಸಿದಾಗ ಉಳಿದವರೂ ಎಚ್ಚೆತ್ತರು. ವಕೀಲರು ಮಾತ್ರ 2024ರ ಮೇ ತಿಂಗಳ ತೀರ್ಪಿನಲ್ಲಿ ಗ್ರಾಹಕ ಕಾಯ್ದೆಯ ಹೊರಗೆ ಉಳಿದರು. ಬೇರೆ ಕಾನೂನುಗಳಡಿ ದಾವೆ ಹೂಡುವ ದಾರಿ ಅವರ ವಿಷಯದಲ್ಲೂ ಮುಚ್ಚಿಲ್ಲ.

2020ರ ಜುಲೈನಿಂದ ಜಾರಿಯಲ್ಲಿರುವ ಹೊಸ ಗ್ರಾಹಕ ಕಾಯ್ದೆ ಇನ್ನೊಂದು ಬದಲಾವಣೆ ತಂದಿತು. ದೂರುದಾರರು ತಾವು ವಾಸಿಸುವ ಊರಿನಲ್ಲೇ ದೂರು ಕೊಡಬಹುದು. ಗೋಕುಲ ರಸ್ತೆಯ ಒಳಾಂಗಣ ವಿನ್ಯಾಸಕರು ಪುಣೆಯ ಮನೆಯೊಂದಕ್ಕೆ ಕೆಲಸ ಮಾಡಿಕೊಟ್ಟಿದ್ದರೆ ಪುಣೆಗೆ ಅಲೆಯಬೇಕಾಗಬಹುದು. ಬ್ಯಾಡಗಿಯ ವರ್ತಕರ ಕಥೆ ಬೇರೆ: ವ್ಯಾಪಾರದ ಉದ್ದೇಶಕ್ಕೆ ಪಡೆದ ಸೇವೆ ಬಹುಪಾಲು ಈ ಕಾಯ್ದೆಯ ಹೊರಗಿರುವುದರಿಂದ ಅವರು ಸಿವಿಲ್ ದಾವೆ ಹೂಡಬೇಕಾದೀತು.

ಎಂಜಿನಿಯರುಗಳ ವಿಷಯಕ್ಕೆ ಬಂದರೆ ಧಾರವಾಡಕ್ಕೆ 2019ರ ಮಾರ್ಚ್ 19 ಮರೆಯುವ ದಿನವಲ್ಲ. ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಮಂದಿ ಸತ್ತರು, ಕ್ರಿಮಿನಲ್ ಪ್ರಕರಣ ದಾಖಲಾಯಿತು. ಇಂಥ ದುರಂತದ ಬೆನ್ನಲ್ಲೇ ‘ವಿಮೆ ಇದ್ದಿದ್ದರೆ’ ಎಂಬ ಮಾತು ಬರುತ್ತದೆ. ಈ ವಿಮೆ ಪರಿಹಾರದ ಹಣಕ್ಕೆ ಮಾತ್ರ. ಅಪರಾಧ ಸಾಬೀತಾದರೆ ದಂಡವನ್ನೂ ಶಿಕ್ಷೆಯನ್ನೂ ಅದು ಹೊರುವುದಿಲ್ಲ. ಬೇಕೆಂದೇ ಮಾಡಿದ ಮೋಸ, ಅಮಲಿನಲ್ಲಿ ಮಾಡಿದ ಕೆಲಸ, ಮೊದಲೇ ಗೊತ್ತಿದ್ದು ಮುಚ್ಚಿಟ್ಟ ತಪ್ಪು ಕೂಡ ಪಾಲಿಸಿಯ ಹೊರಗೆ.

ಜನ ಎಡವುವುದು ಹೆಚ್ಚಾಗಿ ತಾರೀಖಿನಲ್ಲಿ. ವಾಹನ ವಿಮೆಯಲ್ಲಿ ಅಪಘಾತದ ದಿನ ಪಾಲಿಸಿ ಇದ್ದರೆ ಸಾಕು. ಇಲ್ಲಿ ನಷ್ಟ ಕೇಳಿ ನೋಟಿಸು ಬಂದ ದಿನ ಪಾಲಿಸಿ ಚಾಲ್ತಿಯಲ್ಲಿರಬೇಕು, ತಪ್ಪಾದ ಕೆಲಸ ಪಾಲಿಸಿಯಲ್ಲಿ ನಮೂದಿಸಿದ ‘ರೆಟ್ರೋಆಕ್ಟಿವ್’ ದಿನಾಂಕದ, ಅಂದರೆ ಎಂದಿನಿಂದ ಮಾಡಿದ ಕೆಲಸಕ್ಕೆ ರಕ್ಷಣೆ ಇದೆಯೋ ಆ ದಿನದ, ಈಚಿನದಾಗಿರಬೇಕು. ಗದುಗಿನ ಎಂಜಿನಿಯರೊಬ್ಬರು 2021ರಲ್ಲಿ ನಕ್ಷೆ ಕೊಟ್ಟು, 2023ರಲ್ಲಿ ಮೊದಲ ಬಾರಿ ಪಾಲಿಸಿ ಮಾಡಿಸಿ, 2024ರಲ್ಲಿ ಗೋಡೆ ಬಿರುಕಿನ ದೂರು ಎದುರಿಸಿದರೆ, ಹಿಂದಿನ ಕೆಲಸವನ್ನು ಸೇರಿಸಿಕೊಂಡಿರದ ಹೊರತು ಕೈಗೆ ಏನೂ ಸಿಗದು. ಒಂದು ವರ್ಷ ನವೀಕರಣ ತಪ್ಪಿಸಿದರೆ ಗಳಿಸಿಕೊಂಡ ಹಳೆಯ ದಿನಾಂಕವೂ ಕೈತಪ್ಪಬಹುದು. ನಿವೃತ್ತರಾಗಿ ಕಚೇರಿ ಮುಚ್ಚುವವರು ಮುಂದೆ ಬರಬಹುದಾದ ದೂರುಗಳಿಗೆ ವಿಸ್ತರಿತ ಅವಧಿ ಸಿಗುತ್ತದೆಯೇ ಎಂದು ಕೇಳಿಕೊಳ್ಳಬೇಕು. ಒಂದು ಪ್ರಕರಣದ ಮಿತಿ ಎಷ್ಟು, ವರ್ಷದ ಒಟ್ಟು ಮಿತಿ ಎಷ್ಟು, ವಕೀಲರ ಖರ್ಚು ಆ ಮಿತಿಯೊಳಗೇ ಕಳೆಯುತ್ತದೆಯೇ ಎಂಬುದನ್ನೂ ನೋಡಬೇಕು. ಪ್ರೀಮಿಯಂ ಮೇಲೆ ಶೇ 18 ಜಿಎಸ್‌ಟಿ ಇದೆ. 2025ರ ಸೆಪ್ಟೆಂಬರಿನ ವಿನಾಯಿತಿ ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಗಷ್ಟೇ.

ಒಬ್ಬೊಬ್ಬರೇ ಹೋಗಿ ಚೌಕಾಸಿ ಮಾಡುವ ಬದಲು ವೃತ್ತಿ ಸಂಘಗಳು ಗುಂಪು ಪಾಲಿಸಿಗೆ ಪ್ರಯತ್ನಿಸಬಾರದೇಕೆ? 1905ರಲ್ಲೇ ಗದುಗಿನ ಬಳಿಯ ಕಣಗಿನಹಾಳದಲ್ಲಿ ಕೃಷಿ ಸಹಕಾರ ಸಂಘ ಕಟ್ಟಿದ ಸೀಮೆ ಇದು. ಸಂಘದ ಸನ್ಮಾನ ಸಮಾರಂಭಕ್ಕೆ ಸಿಗುವ ಉತ್ಸಾಹದಲ್ಲಿ ಅರ್ಧ ಇದಕ್ಕೆ ಸಿಕ್ಕರೂ ಸಾಕು.

ನೋಟಿಸು ಬಂದರೆ ತಪ್ಪೊಪ್ಪಿ ಉತ್ತರ ಬರೆಯುವ ಮುನ್ನ, ಪರಿಹಾರದ ಮಾತುಕತೆಗೆ ಕೂರುವ ಮುನ್ನ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಬೇಕು. ಒಪ್ಪಿಗೆಯಿಲ್ಲದೆ ಮಾಡಿದ ರಾಜಿಯನ್ನು ಕಂಪನಿ ನಿರಾಕರಿಸಬಹುದು. ಕ್ಲೇಮು ಅನ್ಯಾಯವಾಗಿ ತಿರಸ್ಕೃತವಾಯಿತು ಎನಿಸಿದರೆ ಮೊದಲು ಕಂಪನಿಗೇ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಒಬ್ಬರೇ ಮಾಲೀಕರಿರುವ ಉದ್ಯಮಗಳಿಗೂ ಅತಿಸಣ್ಣ ಉದ್ಯಮಗಳಿಗೂ ಅಲ್ಲಿ ಅವಕಾಶವಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.