ಅಡ್ವಾನ್ಸ್ ತಗೊಂಡವನೂ ಆಫರ್ ಲೆಟರ್‌ಗೆ ಸಹಿ ಹಾಕಿದವನೂ

ಹೋದ ವರ್ಷ ಜನವರಿಯಲ್ಲಿ ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ದೊಡ್ಡಪ್ಪನ ಕಾಫಿ ತೋಟದಲ್ಲಿ ಆಳುಗಳು ಉಳಿಯುವ ಲೈನ್‌ಮನೆ ಗುಡಿಸಿ, ಹೊಸ ಬಲ್ಬ್ ಹಾಕಿ, ಸೌದೆ ಒಟ್ಟಿ ಇಟ್ಟಿದ್ದರು. ರೊಬಸ್ಟಾ ಕಾಫಿ ಹಣ್ಣಾಗಿತ್ತು. ಹನ್ನೆರಡು ಜನರನ್ನು ಕರೆತರುತ್ತೇನೆ ಅಂತ ಪಿರಿಯಾಪಟ್ಟಣ ಕಡೆಯ ಮೇಸ್ತ್ರಿ ನವೆಂಬರ್‌ನಲ್ಲೇ ಅಡ್ವಾನ್ಸ್ ತಗೊಂಡು ಹೋಗಿದ್ದ. ಸೋಮವಾರ ಬರಬೇಕಿತ್ತು. ಬರಲಿಲ್ಲ. ಫೋನ್ ಸ್ವಿಚ್ ಆಫ್. ಮೂರನೇ ದಿನ ಸುದ್ದಿ ಬಂತು: ಸಿದ್ದಾಪುರದ ಕಡೆ ಯಾರೋ ಕೆಜಿಗೆ ಒಂದು ರೂಪಾಯಿ ಜಾಸ್ತಿ ಕೊಡ್ತೀನಿ ಅಂದಿದ್ದಾರೆ, ಇಡೀ ಗುಂಪು ಅಲ್ಲಿ ಕೊಯ್ಲಿಗೆ ಇಳಿದಿದೆ. ದೊಡ್ಡಪ್ಪ ಅವತ್ತು ಬೈದಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅದೇ ವಾರ ಅವರ ಮಗ, ನನಗೆ ತಮ್ಮ, ಊರಿಗೆ ಬಂದಿದ್ದ. ಬೆಂಗಳೂರಿನ ಒಂದು ಕಂಪನಿಯ ಆಫರ್ ಲೆಟರ್‌ಗೆ ಸಹಿ ಹಾಕಿ ಕಳಿಸಿ ಇಪ್ಪತ್ತು ದಿನ ಆಗಿತ್ತು. ಅಷ್ಟರಲ್ಲಿ ಇನ್ನೊಂದು ಕಂಪನಿ ಜಾಸ್ತಿ ಸಂಬಳ ಹೇಳಿತು. ಮೊದಲನೆಯದಕ್ಕೆ ಹೋಗುವುದಿಲ್ಲ ಅಂತ ತೀರ್ಮಾನಿಸಿದವನು ಅವರಿಗೆ ಅದನ್ನು ಹೇಳಿರಲಿಲ್ಲ. ಎಚ್‌ಆರ್ ಫೋನ್ ಬಂದಾಗಲೆಲ್ಲ ಮೊಬೈಲನ್ನು ಮಗುಚಿ ಇಡುತ್ತಿದ್ದ. ಯಾಕೋ ಎತ್ತಲ್ಲ ಅಂದರೆ, "ಏನಂತ ಹೇಳೋದಣ್ಣ, ಬೈತಾರೆ" ಅಂದ. ದೊಡ್ಡಪ್ಪ ಊಟಕ್ಕೆ ಕೂತವರು, "ಇರಲಿ ಬಿಡು ಮಗ, ನಿನ್ನ ದಾರಿ ನೀನು ನೋಡ್ಕೋಬೇಕಲ್ಲ" ಅಂದರು. ನಾನು ಸುಮ್ನೆ ಅನ್ನ ಕಲಸುತ್ತಿದ್ದೆ.

ಒಂದೇ ಮನೆಯಲ್ಲಿ ಎರಡು ತಕ್ಕಡಿ. ದೊಡ್ಡಪ್ಪನನ್ನು ಮಾತ್ರ ದೂರಿ ಪ್ರಯೋಜನವಿಲ್ಲ, ಈ ತಕ್ಕಡಿಗಳು ಅವರಿಗಿಂತ ತುಂಬಾ ಹಳೆಯವು.

1852ರಲ್ಲಿ ಇಂಗ್ಲೆಂಡಿನಲ್ಲಿ ಡಿ ಲಾ ಟೂರ್ ಅನ್ನುವವರು ಯುರೋಪ್ ಪ್ರವಾಸಕ್ಕೆ ಜೊತೆಗಿರಲು ಹಾಕ್‌ಸ್ಟರ್ ಅನ್ನುವವನನ್ನು ಗೊತ್ತುಮಾಡಿಕೊಂಡರು. ಜೂನ್ 1ರಿಂದ ಮೂರು ತಿಂಗಳು, ತಿಂಗಳಿಗೆ 10 ಪೌಂಡ್. ಮೇ ತಿಂಗಳಲ್ಲಿ ಮನಸ್ಸು ಬದಲಾಯಿಸಿ, ನೀನು ಬೇಡ ಅಂತ ಕಾಗದ ಬರೆದರು. ಹಾಕ್‌ಸ್ಟರ್ ಜೂನ್ 1 ಬರುವ ಮೊದಲೇ ಕೋರ್ಟಿಗೆ ಹೋದ. ಕೆಲಸವೇ ಶುರುವಾಗಿಲ್ಲ, ಎಲ್ಲಿಯ ಒಪ್ಪಂದಭಂಗ ಅಂತ ಎದುರುವಾದಿಯ ವಾದ. 1853ರ ತೀರ್ಪು ಅದನ್ನು ಒಪ್ಪಲಿಲ್ಲ. ಬರುವುದಿಲ್ಲ ಅಥವಾ ಬೇಡ ಅಂತ ಮೊದಲೇ ಹೇಳಿಬಿಟ್ಟರೆ ಒಪ್ಪಂದ ಆಗಲೇ ಮುರಿದ ಹಾಗೆ, ಇನ್ನೊಬ್ಬರು ದಿನ ಎಣಿಸಿಕೊಂಡು ಕಾಯಬೇಕಿಲ್ಲ. ಇದರಲ್ಲಿ ಮಾತು ತಪ್ಪಿದವರು ಕೆಲಸ ಕೊಟ್ಟವರು ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಅವರಿಗೆ ಆಗಬಹುದಾದದ್ದು ಅಂದರೆ ಪರಿಹಾರದ ದುಡ್ಡು ಕಟ್ಟುವುದು, ಅಷ್ಟೇ.

ಮುಂದಿನ ವರ್ಷ, 1854ರಲ್ಲಿ, ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಶುರುವಾಯಿತು. ಕೊಡಗು ಬ್ರಿಟಿಷರ ಕೈಗೆ ಹೋಗಿ ಆಗಲೇ 20 ವರ್ಷ. ತೋಟಗಳು ಹೆಚ್ಚಿದ ಹಾಗೆ ಆಳುಗಳು ಸಾಲಲಿಲ್ಲ. ಮೈಸೂರು ಸೀಮೆಯಿಂದ, ಘಟ್ಟದ ಕೆಳಗಿನಿಂದ ಜನ ಬರಬೇಕಾಯಿತು. ತೋಟದ ದೊರೆ ಮೇಸ್ತ್ರಿಗೆ ದುಡ್ಡು ಕೊಡುವುದು, ಮೇಸ್ತ್ರಿ ತನ್ನ ಪಾಲು ಇಟ್ಟುಕೊಂಡು ಊರಲ್ಲಿ ಹಂಚುವುದು, ತಗೊಂಡವರು ಬಂದು ದುಡಿದು ತೀರಿಸುವುದು. ನಮ್ಮ ಮೇಸ್ತ್ರಿ ನವೆಂಬರ್‌ನಲ್ಲಿ ಅಡ್ವಾನ್ಸ್ ತಗೊಂಡಿದ್ದು ಅದೇ ಪದ್ಧತಿಯ ಮರಿಮೊಮ್ಮಗ.

ತಗೊಂಡವರು ಬರದಿದ್ದರೆ? ಅದಕ್ಕೆ 1859ರ ಕಾಯ್ದೆ ಇತ್ತು. ಮುಂಗಡ ಪಡೆದ ಕೆಲಸಗಾರ ಕೈಕೊಟ್ಟರೆ ಯಜಮಾನ ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಡಬಹುದಿತ್ತು. ದುಡ್ಡು ವಾಪಸ್ ಬೇಕೋ ಕೆಲಸ ಬೇಕೋ, ಆಯ್ಕೆ ದೂರು ಕೊಟ್ಟವನದು. ಆದೇಶ ಮೀರಿದರೆ 3 ತಿಂಗಳವರೆಗೆ ಜೈಲು. ಮೊದಲು ಕಲ್ಕತ್ತ, ಮದ್ರಾಸ್, ಬಾಂಬೆ ನಗರಗಳಿಗೆ ಅಂತ ಮಾಡಿದ ಕಾಯ್ದೆ ಆಮೇಲೆ ತೋಟಗಳ ಸೀಮೆಗೂ ಬಂತು. ಯಜಮಾನನೇ ಮಾತು ತಪ್ಪಿದರೆ ಏನು ಶಿಕ್ಷೆ ಅಂತ ಈ ಕಾಯ್ದೆಯಲ್ಲಿ ಹುಡುಕಬೇಡಿ, ಸಿಗಲ್ಲ. ಹಾಕ್‌ಸ್ಟರನ ಯಜಮಾನನಿಗೆ ಪರಿಹಾರದ ಲೆಕ್ಕ, ಇಲ್ಲಿಯ ಕೂಲಿಗೆ ಜೈಲಿನ ಲೆಕ್ಕ.

ಇಂಗ್ಲೆಂಡಿನಲ್ಲೂ ಕೆಲಸಗಾರರನ್ನು ಹೀಗೆ ಜೈಲಿಗೆ ಹಾಕುತ್ತಿದ್ದರು, ಆದರೆ 1875ರಲ್ಲಿ ಅವರು ಅದನ್ನು ಬಿಟ್ಟರು. ಇಲ್ಲಿ 1859ರ ಕಾಯ್ದೆ ಹೋಗಿದ್ದು 1926ರಲ್ಲಿ, ಅಂದರೆ ಐವತ್ತು ವರ್ಷ ತಡವಾಗಿ. ಅದು ರದ್ದಾದ ವರ್ಷವೇ ಕೊಡಗಿಗೆ ಅಂತ ಬೇರೆಯೇ ಒಂದು ಕಾರ್ಮಿಕ ಕಾಯ್ದೆ ಬಂತು. 1931ರವರೆಗೆ ಅದು ನಡೆಯಿತು. ತೋಟದವರಿಗೆ ಆ ಹಿಡಿತ ಬಿಡಲು ಎಷ್ಟು ಕಷ್ಟವಾಗಿತ್ತು ಅಂತ ಇದರಲ್ಲೇ ಗೊತ್ತಾಗುತ್ತದೆ. 1976ರ ಜೀತ ನಿರ್ಮೂಲನಾ ಕಾಯ್ದೆ ಬಂದ ಮೇಲೆ, ಮುಂಗಡದ ಹೆಸರಿನಲ್ಲಿ ಮನುಷ್ಯನನ್ನು ಕಟ್ಟಿಹಾಕುವುದೇ ಅಪರಾಧವಾಯಿತು.

ಈಗ ಆಫರ್ ಲೆಟರ್ ವಿಷಯ. ಇದು ನಿಂತಿರುವುದು 1872ರ ಒಪ್ಪಂದ ಕಾಯ್ದೆಯ ಮೇಲೆ. ನೀವು ಒಪ್ಪಿ ತಿಳಿಸಿದ ಮೇಲೆ ಅದು ಒಪ್ಪಂದ, ಸುಮ್ನೆ ಮಾತಲ್ಲ. ಆದರೆ ನಿಮ್ಮನ್ನು ಎಳೆದು ತಂದು ಕುರ್ಚಿಯಲ್ಲಿ ಕೂರಿಸಿ ಕೆಲಸ ಮಾಡು ಅಂತ ಯಾವ ಕೋರ್ಟೂ ಹೇಳುವುದಿಲ್ಲ. ಕಂಪನಿ ಕೇಳಬಹುದಾದದ್ದು ನಷ್ಟ ಪರಿಹಾರ. ಲೆಟರ್‌ನಲ್ಲಿ ಇಷ್ಟು ಲಕ್ಷ ಅಂತ ಬರೆದಿದ್ದರೂ 74ನೇ ಸೆಕ್ಷನ್ ಪ್ರಕಾರ ಆ ಮೊತ್ತದೊಳಗೆ ನ್ಯಾಯವಾದಷ್ಟು ಮಾತ್ರ. ಸೇರುವ ಮೊದಲೇ ಕೈಕೊಟ್ಟವರ ಹಿಂದೆ ಬಿದ್ದು ಕೇಸ್ ಹಾಕುವ ಗೋಜಿಗೆ ಕಂಪನಿಗಳು ಸಾಮಾನ್ಯವಾಗಿ ಹೋಗುವುದಿಲ್ಲ, ಪಟ್ಟಿಯಲ್ಲಿರುವ ಮುಂದಿನವರಿಗೆ ಫೋನ್ ಮಾಡುತ್ತಾರೆ.

ಸೇರಿ ಬಿಟ್ಟುಹೋಗುವುದು ಬೇರೆ ಮಾತು. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 3 ವರ್ಷ ತುಂಬುವ ಮೊದಲು ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನುವ ಷರತ್ತನ್ನು ಎತ್ತಿಹಿಡಿಯಿತು. ಸರ್ಕಾರಿ ಬ್ಯಾಂಕ್ ಮತ್ತೆ ಜಾಹೀರಾತು ಕೊಟ್ಟು, ಪರೀಕ್ಷೆ ಮಾಡಿ ಆಳು ತೆಗೆದುಕೊಳ್ಳುವ ಖರ್ಚನ್ನು ಕೋರ್ಟ್ ಲೆಕ್ಕಕ್ಕೆ ಹಿಡಿಯಿತು. ಇಂಥ ಷರತ್ತಿನ ಬಾಂಡ್ ಅಂದರೆ ಬರೀ ಬೆದರಿಕೆ ಅಂದುಕೊಂಡವರು ಇದನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಕಂಪನಿಗಳೇನು ಹರಿಶ್ಚಂದ್ರರಲ್ಲ. 2022ರಲ್ಲಿ ಆಫರ್ ಲೆಟರ್ ಹಿಡಿದುಕೊಂಡ ಎಷ್ಟೋ ಐಟಿ ಫ್ರೆಶರ್‌ಗಳು ತಿಂಗಳುಗಟ್ಟಲೆ ಕಾದರು, ಕೆಲವರಿಗೆ ಆಫರ್ ರದ್ದಾಗಿದೆ ಅಂತ ಮೇಲ್ ಬಂತು, ಬೇರೆ ಕೆಲಸ ಬಿಟ್ಟು ಬೆಂಗಳೂರಿನಲ್ಲಿ ಪಿಜಿ ಹಿಡಿದು ಕೂತವರ ಕಥೆ ಅಂತೂ ಕೇಳಬೇಡಿ. ಆ ಕಂಪನಿಗಳಿಗೆ ಯಾರು ಬೈದರು?

ಹಾಗಾಗಿ ನನ್ನ ತಮ್ಮ ಆ ಕಂಪನಿಗೆ ಹೋಗದೇ ಇದ್ದದ್ದು ಮಹಾಪಾಪ ಅಂತ ನನಗೆ ಅನ್ನಿಸುವುದಿಲ್ಲ. ಮೇಸ್ತ್ರಿ ಒಂದು ರೂಪಾಯಿಗೆ ಆಸೆಪಟ್ಟಿದ್ದೂ ಅಲ್ಲ, ಹನ್ನೆರಡು ಜನರಿಗೆ ದಿನಕ್ಕೆ ಎಷ್ಟು ಕೆಜಿ ಆಗುತ್ತದೆ ಲೆಕ್ಕ ಹಾಕಿ ನೋಡಿ. ನನಗೆ ಚುಚ್ಚುವುದು ಆ ಸ್ವಿಚ್ ಆಫ್ ಆದ ಫೋನು. ಶುಕ್ರವಾರ ಹೇಳಿದ್ದರೆ ದೊಡ್ಡಪ್ಪ ಶನಿವಾರ ಬೇರೆ ಗುಂಪು ಹುಡುಕುತ್ತಿದ್ದರು. ಹೇಳಲಿಲ್ಲ, ಅದಕ್ಕೇ ಮೂರು ದಿನ ಬರೀ ಕಾಯುವುದರಲ್ಲೇ ಹೋಯಿತು, ಆಮೇಲೆ ಇನ್ನೊಂದು ವಾರ ಆಳು ಹುಡುಕುವುದರಲ್ಲಿ. ಅಷ್ಟರಲ್ಲಿ ಕೆಳಗಿನ ಬ್ಲಾಕಿನ ಹಣ್ಣು ಗಿಡದಲ್ಲೇ ಕಪ್ಪಗೆ ಒಣಗಿ, ಅರ್ಧ ನೆಲಕ್ಕೆ ಬಿದ್ದು, ದೊಡ್ಡಮ್ಮ ತಾನೇ ಬುಟ್ಟಿ ಹಿಡಿದು ಆರಿಸಲು ಕೂತಿದ್ದರು. ಬೆಂಗಳೂರಿನ ಆ ಕಂಪನಿಯ ಪಟ್ಟಿಯಲ್ಲೂ ಎರಡನೆಯವನೊಬ್ಬ ಇದ್ದಿರಬೇಕಲ್ವಾ? ಅವನೂ ಆ ಇಪ್ಪತ್ತು ದಿನ ಎಲ್ಲೋ ಕಾಯುತ್ತಿದ್ದ.

ತಮ್ಮನಿಂದ ಆ ರಾತ್ರಿ ನಾನೇ ಪಕ್ಕ ಕೂತು ಮೇಲ್ ಬರೆಸಿದೆ. ನಾಲ್ಕು ಸಾಲು. ಅರ್ಧ ಗಂಟೆ ಬೇಕಾಯಿತು. ಬೆಳಿಗ್ಗೆ ಉತ್ತರ ಬಂತು, ತಿಳಿಸಿದ್ದಕ್ಕೆ ಧನ್ಯವಾದ ಅಂತ ಒಂದೇ ಸಾಲು, ಬೈಗುಳ ಇರಲಿಲ್ಲ.

ಮೊನ್ನೆ ನವೆಂಬರ್‌ನಲ್ಲಿ ಮೇಸ್ತ್ರಿ ಮತ್ತೆ ಬಂದಿದ್ದ. ಹಳೇ ಅಡ್ವಾನ್ಸ್ ಈ ಸಲದ ಕೂಲಿಯಲ್ಲಿ ಹಿಡ್ಕೊಳ್ಳಿ ಅಂದ. ಬರಲ್ಲ ಅಂತ ಒಂದು ಫೋನ್ ಮಾಡೋಕೆ ಏನಾಗಿತ್ತೋ ಅಂತ ದೊಡ್ಡಪ್ಪ ಕೇಳಿದರು.

"ಏನಂತ ಹೇಳೋದು ಸಾಹುಕಾರ್ರೆ, ಬೈತೀರಾ ಅಂತ."

ದೊಡ್ಡಪ್ಪ ನನ್ನ ಮುಖ ನೋಡಿದರು. ಆಮೇಲೆ ಒಳಗೆ ಹೋಗಿ ಅರ್ಧ ಅಡ್ವಾನ್ಸ್ ಮಾತ್ರ ತಂದುಕೊಟ್ಟರು, ಅವನ ಹೆಂಡತಿಯ ಫೋನ್ ನಂಬರನ್ನೂ ಬರೆಸಿಕೊಂಡರು.