ಬಾಣ ಬಿದ್ದ ಮೇಲಿನ ಮಾತು

ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತವಿಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ವಾಲಿವಧೆ. ಮರೆಯಿಂದ ಬಂದ ಬಾಣ ಎದೆಗೆ ನಾಟಿಯಾಗಿದೆ, ವಾಲಿ ಸಾಯುವುದು ಖಂಡಿತ. ವಾಲಿಯ ಪಾತ್ರ ವಹಿಸಿದ ಅರ್ಥಧಾರಿ ಮಾತು ಶುರು ಮಾಡುವುದೇ ಅಲ್ಲಿಂದ. ಮುಕ್ಕಾಲು ಗಂಟೆ ರಾಮನನ್ನು ವಿಚಾರಿಸಿಕೊಳ್ಳುತ್ತಾನೆ. ನಮ್ಮ ಕುಂಬಳೆ ಸೀಮೆಯಲ್ಲಿ ಯಾರೂ "ಹೇಗೂ ಸಾಯುವವನು, ಮಾತು ಯಾಕೆ?" ಎಂದು ಕೇಳಿದ್ದಿಲ್ಲ. ಭಾಗವತರು ನಡುವೆ ತುಂಡರಿಸಿ ಮಂಗಳ ಹಾಡಿದರೆ ಗಲಾಟೆಯೇ ಆದೀತು.

ಕೋರ್ಟಿನ ಆರೋಪಿಯ ಸುದ್ದಿ ಬಂದಾಗ ಮಾತ್ರ ಇದೇ ಜನ "ಅವನಿಗೆ ಬೇಕಾದ್ದು ಬಿಡುಗಡೆ, ಅಷ್ಟೆ. ಶಿಕ್ಷೆಯಾದವ ನ್ಯಾಯ ಸಿಕ್ಕಿತು ಅಂತಾನಾ?" ಎನ್ನುತ್ತಾರೆ. ಕೇಳಲು ಅನುಭವಸ್ಥರ ಮಾತು. ಅಳೆದು ನೋಡಿದರೆ ನಿಲ್ಲುವುದಿಲ್ಲ.

ಅಳೆದವರಿದ್ದಾರೆ. ಅಮೆರಿಕದ ಮನೋವಿಜ್ಞಾನಿ ಜಾನ್ ಥಿಬೊ ಮತ್ತು ಕಾನೂನು ಪ್ರಾಧ್ಯಾಪಕ ಲಾರೆನ್ಸ್ ವಾಕರ್ 1975ರಲ್ಲೇ ತೋರಿಸಿದ್ದರು: ಏನು ತೀರ್ಪು ಬಂತು ಎಂಬುದು ಒಂದು, ಅದು ಹೇಗೆ ಬಂತು ಎಂಬುದು ಇನ್ನೊಂದು, ಮನಸ್ಸು ಎರಡನ್ನೂ ಬೇರೆ ಬೇರೆ ತೂಗುತ್ತದೆ. 1988ರಲ್ಲಿ ಜೊನಾಥನ್ ಕ್ಯಾಸ್ಪರ್, ಟಾಮ್ ಟೈಲರ್ ಮತ್ತು ಸಂಗಡಿಗರು ಡೆಟ್ರಾಯಿಟ್, ಬಾಲ್ಟಿಮೋರ್, ಫೀನಿಕ್ಸ್ ನಗರಗಳಲ್ಲಿ ಗಂಭೀರ ಅಪರಾಧದ ಆರೋಪಿಗಳನ್ನೇ ಕೇಳಿದರು. ಸಿಕ್ಕಿದ ಶಿಕ್ಷೆಯಷ್ಟರಿಂದಲೇ ಅವರ ಸಮಾಧಾನ ತೀರ್ಮಾನವಾಗಿರಲಿಲ್ಲ. ವಿಚಾರಣೆ ನಡೆದ ರೀತಿಗೂ ಅದರಲ್ಲಿ ಪಾಲಿತ್ತು.

ನನಗೆ ಇಷ್ಟವಾದದ್ದು 1990ರ ಒಂದು ಪ್ರಯೋಗ. ಅಲನ್ ಲಿಂಡ್ ತಂಡ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟಿತು. ಎಷ್ಟು ಮಾಡಬೇಕೆಂದು ನಿಗದಿ ಮಾಡುವ ಮುಂಚೆ ಕೆಲವರ ಅಭಿಪ್ರಾಯ ಕೇಳಿದರು. ಕೆಲವರದ್ದನ್ನು ಕೇಳಲೇ ಇಲ್ಲ. ಇನ್ನು ಕೆಲವರದ್ದನ್ನು ನಿಗದಿ ಮಾಡಿ ಆದ ಮೇಲೆ ಕೇಳಿದರು, ಅಂದರೆ ಬಾಣ ಬಿಟ್ಟ ಮೇಲೆ! ಮೊದಲೇ ಮಾತಾಡಿದವರಿಗೆ ಎಲ್ಲರಿಗಿಂತ ಹೆಚ್ಚು ನ್ಯಾಯ ಕಂಡಿತು, ಸರಿ. ಆದರೆ ಪ್ರಯೋಜನವಿಲ್ಲದ ಮಾತಾಡಿದವರಿಗೂ, ಮಾತೇ ಇಲ್ಲದವರಿಗಿಂತ ಹೆಚ್ಚು ನ್ಯಾಯ ಕಂಡಿತು.

ಮದುವೆಮನೆಯ ಪಂಕ್ತಿ ನೆನೆಸಿಕೊಳ್ಳಿ. ನಿಮಗೆ ಸಕ್ಕರೆ ಕಾಯಿಲೆ, ಹೋಳಿಗೆ ಬೇಡವೆನ್ನುವವರೇ. ಆದರೂ ಬಡಿಸುವವ ನಿಮ್ಮ ಎಲೆಯನ್ನು ಕೇಳದೆ ದಾಟಿದರೆ ಮುಖ ಕೆಂಪಾಗುತ್ತದೆ. ಹೋಳಿಗೆ ಹೋಯಿತೆಂದಲ್ಲ, ನಿಮ್ಮನ್ನು ಲೆಕ್ಕಕ್ಕೆ ಹಿಡಿಯಲಿಲ್ಲವೆಂದು. ಬಸ್ಸಿನಲ್ಲಿ "ಸೀಟಿಲ್ಲ ಅಣ್ಣ, ಸ್ವಲ್ಪ ಸುಧಾರಿಸಿ" ಎನ್ನುವ ಕಂಡಕ್ಟರಿಗೂ ಸುಮ್ಮನೆ ತಳ್ಳುವವನಿಗೂ ಇರುವ ವ್ಯತ್ಯಾಸ ಅದೇ. ಎರಡೂ ಬಸ್ಸಿನಲ್ಲಿ ನೀವು ನಿಂತೇ ಹೋಗುವುದು.

ದೈವಸ್ಥಾನಕ್ಕೆ ಹೋದ ವ್ಯಾಜ್ಯ ತಣ್ಣಗಾಗುವುದೇಕೆ ಎಂದು ಕೇಳಿದರೆ "ದೈವಕ್ಕೆ ಸತ್ಯ ಗೊತ್ತುಂಟು" ಎಂಬ ಉತ್ತರ ತಯಾರಿರುತ್ತದೆ. ನನಗೆ ಒಪ್ಪಿಗೆಯಿಲ್ಲ. ಕಾಸರಗೋಡಿನ ಕಾನತ್ತೂರು ದೈವಸ್ಥಾನದಲ್ಲಿ ಎರಡೂ ಕಡೆಯವರನ್ನು ಕರೆಸಿ ಕೇಳುತ್ತಾರೆ. ಶಾಪದ ಹೆದರಿಕೆ ಇಲ್ಲವೆನ್ನಲಾರೆ; ಕೆಲಸದ ದೊಡ್ಡ ಪಾಲು ಮಾಡುವುದು ಆ ಕೇಳುವಿಕೆ.

ಇದರಲ್ಲಿ ಅಪಾಯವೂ ಇದೆ. ಚೆನ್ನಾಗಿ ಕೇಳಿದಂತೆ ಮಾಡಿ ಅನ್ಯಾಯದ ತೀರ್ಪನ್ನೂ ನುಂಗಿಸಬಹುದು. ನಿರಪರಾಧಿಗೆ ಬೇಕಾದ್ದು ಬಿಡುಗಡೆಯೇ, ಸಮಾಧಾನವಲ್ಲ.

ಕಾಸರಗೋಡಿನವರಿಗೆ ಇನ್ನೊಂದು ತೊಡಕು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಪೇಟೆಯ ಮಲಯಾಳ ಎಲ್ಲರಿಗೂ ಬರುತ್ತದೆ, ಕೋರ್ಟಿನ ಮಲಯಾಳ ಬರುವುದಿಲ್ಲ. ಆರೋಪಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ತೆರೆದ ನ್ಯಾಯಾಲಯದಲ್ಲೇ ಅವನ ಭಾಷೆಯಲ್ಲಿ ವಿವರಿಸಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 279ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ 314ನೇ ಕಲಂ. ತಪ್ಪು ಒಪ್ಪಿಕೊಂಡ ಕೇಸಿನಲ್ಲಿ ಸಾಕ್ಷಿಯ ಹಂತವೇ ಬರುವುದಿಲ್ಲ ಬಿಡಿ.

ನಮ್ಮ ನೆರೆಮನೆ ಮಾವನದ್ದು ಅಂಥದ್ದೇ ಕೇಸು, ಅಡಿಕೆ ತೋಟದ ಬೇಲಿ ಜಗಳ. "ಒಪ್ಪಿಕೊಳ್ಳಿ, ದಂಡ ಕಟ್ಟಿ ಮುಗಿಸುವ" ಎಂದರು ವಕೀಲರು. ನಾನು ಜೊತೆಗೆ ಹೋಗಿದ್ದೆ. ಮಾವ ಟವೆಲನ್ನು ಹೆಗಲಿಂದ ಇಳಿಸಿ ಕೈಯಲ್ಲಿ ಹಿಡಿದು ಕಟಕಟೆ ಹತ್ತಿದರು. "ಕುಟ್ಟಂ ಸಮ್ಮದಿಕ್ಕುನ್ನುಂಡೋ?" (ತಪ್ಪು ಒಪ್ಪಿಕೊಳ್ಳುತ್ತೀರಾ?) ಎಂಬ ಪ್ರಶ್ನೆ ಫೈಲಿನ ಕಡೆಯಿಂದಲೇ ಬಂತು. "ಉಂಡು", ಹೌದು, ಎಂದರು ಮಾವ. ಇನ್ನೇನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನವನ ಹೆಸರು ಕೂಗಿಯಾಗಿತ್ತು.

ದಂಡದ ಮೊತ್ತ ಮಾವನಿಗೆ ಈಗ ನೆನಪಿಲ್ಲ. ಅವತ್ತಿನ ಸಿಟ್ಟು ಹಾಗೇ ಉಂಟು. ಹೇಳಬೇಕೆಂದಿದ್ದದ್ದು ಏನು ಎಂದು ಮೊನ್ನೆ ಕೇಳಿದೆ.

"ಬೇಲಿ ಕಿತ್ತದ್ದು ಹೌದು ಮಾರಾಯ. ಅದಕ್ಕೆ ಮುಂಚೆ ಮೂರು ಸಲ ಅವನ ಜಗಲಿಗೆ ಹೋಗಿ ಮರ್ಯಾದೆಯಲ್ಲಿ ಕೇಳಿದ್ದೆ. ಇಷ್ಟೇ ಇದ್ದದ್ದು."