ಸ್ನಾನ ಮಾಡಿ ಬಂದರೆ ಕಾಲೇ ಏಳಲ್ಲ

ಹಾಸನದಲ್ಲಿ ನನ್ನ ಹತ್ತಿರ ಫಿಸಿಯೋಥೆರಪಿಗೆ ಸಕಲೇಶಪುರದ ಕಡೆಯಿಂದ ಒಬ್ಬ ಟೀಚರ್ ಬರುತ್ತಾರೆ. ಅವರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಇದೆ. ಒಮ್ಮೆ ಅವರ ಅತ್ತೆ ಜೊತೆಗೆ ಬಂದಿದ್ದರು. "ಎದ್ದಾಗ ಚೆನ್ನಾಗೇ ಇರ್ತಾಳೆ ಡಾಕ್ಟ್ರೇ. ಸ್ನಾನ ಮಾಡಿ ಬಂದ್ಲು ಅಂದ್ರೆ ಗೋಡೆ ಹಿಡ್ಕೊಂಡು ಕೂತ್ಬಿಡ್ತಾಳೆ. ಕಾಲೇ ಏಳಲ್ಲ" ಅಂದರು. ದನಿಯಲ್ಲಿ ಬೇಸರ ಇತ್ತು, ಭಯವೂ ಇತ್ತು.

ನೀರು ಎಷ್ಟು ಬಿಸಿ ಅಂತ ಕೇಳಿದೆ. ಮಲೆನಾಡಿನ ಮನೆ ಅಲ್ವಾ? ಸೌದೆ ಉರಿಯಲ್ಲಿ ಕುದಿದ ಹಂಡೆ ನೀರು, ಬಚ್ಚಲ ತುಂಬಾ ಹಬೆ.

ಎಂಎಸ್‌ನಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಮೆದುಳು, ಬೆನ್ನುಹುರಿಯ ನರಗಳ ಮೇಲಿನ ಮಯಲಿನ್ ಹೊದಿಕೆಯನ್ನು ಹಾಳು ಮಾಡುತ್ತದೆ. ಹೊದಿಕೆ ಸವೆದ ನರದಲ್ಲಿ ಸಂದೇಶ ಹೇಗೋ ತೆವಳುತ್ತಿರುತ್ತದೆ. ಮೈ ಬಿಸಿ ಅರ್ಧ ಡಿಗ್ರಿ ಏರಿದರೂ ಅದು ನಿಂತುಬಿಡಬಹುದು. ಕಾಲು ಭಾರ, ಕಣ್ಣು ಮಂಜು. ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಉಥಾಫ್ 1890ರಲ್ಲೇ ಇದನ್ನು ಗುರುತಿಸಿದ್ದರು. ಮೈ ತಣಿದರೆ ಕಾಲಿಗೆ ಬಲ ವಾಪಸ್ ಬರುತ್ತದೆ. ನರಕ್ಕೆ ಹೊಸ ಏಟೇನೂ ಬಿದ್ದಿರುವುದಿಲ್ಲ. ಇದನ್ನು ಕೇಳಿ ಟೀಚರ್ ಅತ್ತುಬಿಟ್ಟರು. ಕಾಯಿಲೆ ದಿನಾ ಜಾಸ್ತಿ ಆಗ್ತಿದೆ ಅಂದುಕೊಂಡು ಒಳಗೊಳಗೇ ಹೆದರಿದ್ದರು. ಆದರೆ ಹೊಸ ತೊಂದರೆ 24 ಗಂಟೆ ದಾಟಿದರೂ ಹೋಗದಿದ್ದರೆ ನರರೋಗ ತಜ್ಞರಿಗೆ ಹೇಳಲೇಬೇಕು.

ಈಗ ಉಗುರುಬೆಚ್ಚಗಿನ ನೀರು, ಬಚ್ಚಲಲ್ಲಿ ಒಂದು ಸ್ಟೂಲು. ತರಕಾರಿ ಹೆಚ್ಚುವುದು ಕೂತುಕೊಂಡು. ವ್ಯಾಯಾಮ ಬೆಳಗಿನ ತಂಪಿನಲ್ಲಿ, ಮಧ್ಯೆ ಮಧ್ಯೆ ತಣ್ಣೀರು ಗುಟುಕರಿಸುತ್ತಾ. ಎಂಎಸ್ ಇದ್ದವರು ಸುಮ್ನೆ ಮಲಗಿರಬೇಕು ಅನ್ನುವುದು ಹಳೇ ಮಾತು. ಅಳತೆಯಲ್ಲಿ ಮಾಡಿದ ವ್ಯಾಯಾಮ ಎಂಎಸ್‌ನ ಸುಸ್ತನ್ನೇ ಕಡಿಮೆ ಮಾಡುತ್ತದೆ. ಆ ಸುಸ್ತು ಹೊರಗೆ ಕಾಣಲ್ಲ. ಅದಕ್ಕೇ "ಸೋಮಾರಿ" ಅನ್ನುವ ಮಾತು ಬರುತ್ತದೆ. ದಯವಿಟ್ಟು ಹಾಗೆ ಅನ್ನಬೇಡಿ.

ನನಗೆ ತುಂಬಾ ಸಂಕಟ ಆಗುವ ವಿಷಯ ಇನ್ನೊಂದಿದೆ. ಎಂಎಸ್‌ನಿಂದಾಗಿ ಬಸ್ಸಲ್ಲಿ ಮೂತ್ರಕ್ಕೆ ಅವಸರ ಆದೀತು ಅಂತ ಹಿಂದಿನ ರಾತ್ರಿಯಿಂದಲೇ ಹನಿ ನೀರು ಕುಡಿಯದೆ ಬರುವವರಿದ್ದಾರೆ. ಬಾಯಿ ಒಣಗಿ ಮಾತೇ ಹೊರಡುತ್ತಿರುವುದಿಲ್ಲ. ನೀರು ಬಿಟ್ಟರೆ ಮಲಬದ್ಧತೆ ಆಗುತ್ತದೆ, ಮೂತ್ರದ ಸೋಂಕೂ ಬರಬಹುದು. ಸೋಂಕಿನಿಂದ ಜ್ವರ ಬಂದರೆ ಕಾಲು ಮತ್ತೆ ಕೈಕೊಡುತ್ತದೆ. ಮೂತ್ರದ ಅವಸರಕ್ಕೆ ಮಾತ್ರೆ ಇದೆ, ವ್ಯಾಯಾಮ ಇದೆ. ನಾಚಿಕೊಳ್ಳದೆ ಕೇಳಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಎಂಎಸ್ ಕೂಡ ಇದೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಬಹುದು. ತಪಾಸಣೆಗೆ ಕರೆದ ದಿನ ಬರೀ ಕಾಲಿನ ವಿಷಯ ಹೇಳಿ ಬರಬೇಡಿ. ಸುಸ್ತು, ಕಣ್ಣು, ಮೂತ್ರ, ಎಲ್ಲವನ್ನೂ ಹೇಳಿ.